ಟ್ರೇಲರ್‌ನ ಹೊಸ ವಾಟರ್ ಹೀಟರ್‌ಗೆ ಗ್ಯಾಸ್ ಲೈನ್ ಜೋಡಿಸುವುದು: ಸಮಗ್ರ ಮಾರ್ಗದರ್ಶಿ

ಟ್ರೇಲರ್‌ನಲ್ಲಿ (ವಾಹನದ ಹಿಂದೆ ಕಟ್ಟಿ ಎಳೆಯುವ, ಒಳಗೆ ವಾಸಿಸುವ ಗಾಡಿಯಲ್ಲಿ) ವಾಟರ್ ಹೀಟರ್ ಬದಲಿಸುವಾಗ ನೀರಿನ ಪೈಪು, ಕರೆಂಟಿನ ವೈರು ಎರಡನ್ನೂ ಜನ ಧೈರ್ಯವಾಗಿ ಬಿಚ್ಚುತ್ತಾರೆ. ಗ್ಯಾಸ್ ಪೈಪಿನ ಹತ್ತಿರ ಬಂದಾಗ ಕೈ ತಡೆಯುತ್ತದೆ. ತಡೆಯಬೇಕು ಕೂಡ. ನೀರು ಸೋರಿದರೆ ನೆಲ ಒದ್ದೆಯಾಗಿ ಗೊತ್ತಾಗುತ್ತದೆ. ಗ್ಯಾಸ್ ಸೋರಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಟ್ರೇಲರ್‌ನ ಸಿಲಿಂಡರ್‌ನಲ್ಲಿರುವ ಪ್ರೊಪೇನ್ ಗ್ಯಾಸ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅದು ಮೇಲಕ್ಕೇರಿ ಕಿಟಕಿಯಿಂದ ಹೊರಟು ಹೋಗುವುದಿಲ್ಲ. ನೆಲದ ಮಟ್ಟದಲ್ಲೇ, ಮಂಚದ ಕೆಳಗೆ, ಕಪಾಟಿನ ಮೂಲೆಯಲ್ಲಿ ಸೇರಿಕೊಳ್ಳುತ್ತದೆ. ಗಾಳಿಯಲ್ಲಿ ಅದರ ಪಾಲು ಶೇ. 2ರ ಆಸುಪಾಸಿಗೆ ಬಂದರೆ ಒಂದು ಕಿಡಿ ಸಾಕು. ಟ್ರೇಲರ್ ಚಿಕ್ಕ ಜಾಗ. ಆ ಮಟ್ಟ ಮುಟ್ಟುವುದಕ್ಕೆ ಜಾಸ್ತಿ ಹೊತ್ತು ಬೇಕಿಲ್ಲ.

ಹಾಗಂತ ಕಲಿಯಲಾಗದ ಕೆಲಸವೇನಲ್ಲ. ಇಲ್ಲಿ ಎರಡೇ ವಿಷಯಗಳ ಮೇಲೆ ಎಲ್ಲವೂ ನಿಂತಿದೆ. ಗ್ಯಾಸ್ ಜಾಯಿಂಟ್ ಹಿಡಿಯುವುದು ಎರಡು ಲೋಹದ ಮುಖಗಳು ಒಂದಕ್ಕೊಂದು ಸರಿಯಾಗಿ ಕೂತಾಗ. ಅದು ನಿಜವಾಗಿ ಹಿಡಿದಿದೆಯೋ ಇಲ್ಲವೋ ಅಂತ ಹೇಳುವುದು ಪರೀಕ್ಷೆ ಮಾತ್ರ. ಹಾಗಾಗಿ ಈ ಎರಡಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ನೀರು, ವೈರಿನ ವಿಷಯ ಬೇಗ ಮುಗಿಸುತ್ತೇನೆ.

ಶುರು ಮಾಡುವ ಮುಂಚೆ

ಮೊದಲು ನೀವಿರುವ ಕಡೆ ಕಾನೂನು ಏನು ಹೇಳುತ್ತದೆ ನೋಡಿ. ಆಸ್ಟ್ರೇಲಿಯಾದಂಥ ದೇಶದಲ್ಲಿ ಈ ಕೆಲಸವನ್ನು ಲೈಸೆನ್ಸ್ ಇರುವ ಗ್ಯಾಸ್ ಫಿಟ್ಟರ್ ಮಾತ್ರ ಮಾಡಬಹುದು. ಕೆಲವು ಕಡೆ ಮಾಲೀಕರೇ ಮಾಡಿಕೊಳ್ಳಬಹುದು, ಆದರೆ ಟ್ರೇಲರ್‌ನ ವಿಮೆ ಒಪ್ಪದೇ ಇರಬಹುದು. ನಿಮಗೆ ಅನುಮತಿ ಇಲ್ಲದಿದ್ದರೆ ಹಳೇ ಹೀಟರ್‌ನ ನೀರು ಖಾಲಿ ಮಾಡುವುದು, ಹೊಸದಕ್ಕೆ ಜಾಗ ಸಿದ್ಧ ಮಾಡುವುದು ಇಷ್ಟನ್ನು ನೀವು ಮಾಡಿ, ಗ್ಯಾಸ್ ಜಾಯಿಂಟನ್ನು ಫಿಟ್ಟರ್‌ಗೆ ಬಿಡಿ. ಆಗಲೂ ಮುಂದಿನ ಮಾತುಗಳು ಉಪಯೋಗಕ್ಕೆ ಬರುತ್ತವೆ. ಅವರು ಸೋರಿಕೆ ಪರೀಕ್ಷೆ ಮಾಡಿದರೋ ಇಲ್ಲವೋ ಅಂತ ನಿಂತು ನೋಡಲು ಬರುತ್ತದೆ.

ಇಲ್ಲಿ ಹೇಳುವ ಅಳತೆಗಳೆಲ್ಲ ಉತ್ತರ ಅಮೆರಿಕದ ಟ್ರೇಲರ್‌ಗಳದ್ದು. ಅಲ್ಲಿ ಚಾಸಿಯ ಕೆಳಗೆ ಕಪ್ಪು ಕಬ್ಬಿಣದ ದೊಡ್ಡ ಪೈಪು ಓಡುತ್ತದೆ. ಅದರಿಂದ ಒಲೆ, ಫ್ರಿಜ್, ಫರ್ನೇಸ್ (ಒಳಗಿನ ಜಾಗ ಬೆಚ್ಚಗಿಡುವ ಹೀಟರ್), ವಾಟರ್ ಹೀಟರ್‌ಗೆ ಬೇರೆ ಬೇರೆ ಕವಲು ಹೋಗುತ್ತದೆ. ಹೀಟರ್‌ಗೆ ಹೋಗುವುದು ಸಾಮಾನ್ಯವಾಗಿ 3/8 ಇಂಚಿನ ತಾಮ್ರದ ಪೈಪು, ತುದಿಯಲ್ಲಿ 45 ಡಿಗ್ರಿಯ ಫ್ಲೇರ್ ಜಾಯಿಂಟು (ಪೈಪಿನ ಬಾಯಿ ಅಗಲ ಮಾಡಿ ಕೂರಿಸುವ ಜೋಡಣೆ). ಯುರೋಪಿನ ಕ್ಯಾರವಾನ್‌ಗಳಲ್ಲಿ ಪೈಪು ಮಿಲಿಮೀಟರ್ ಲೆಕ್ಕದ್ದು, ಜಾಯಿಂಟೂ ಬೇರೆ ಬಗೆಯದ್ದು. ಎರಡನ್ನೂ ಬೆರೆಸಬೇಡಿ.

ಹೊಸ ಹೀಟರ್ ತರುವಾಗ ಅದು ಟ್ರೇಲರ್‌ಗೆಂದೇ ಮಾಡಿದ್ದೇ ನೋಡಿ. ಮನೆಯ ಗೀಸರ್ ಇಲ್ಲಿ ನಡೆಯುವುದಿಲ್ಲ. ಟ್ರೇಲರ್ ಹೀಟರ್ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ತೆಗೆದುಕೊಂಡು ಹೊಗೆಯನ್ನೂ ಹೊರಗೇ ಬಿಡುತ್ತದೆ. ಒಳಗಿನ ಗಾಳಿಗೂ ಅದಕ್ಕೂ ಸಂಬಂಧವೇ ಇರಬಾರದು.

ಹೀಟರ್ ಮೇಲಿನ ತಗಡಿನ ಪಟ್ಟಿಯಲ್ಲಿ ಬಿಟಿಯು (ಶಾಖ ಅಳೆಯುವ ಘಟಕ) ಎಷ್ಟು ಅಂತ ಓದಿ. ಸಬರ್ಬನ್, ಆಟ್‌ವುಡ್ ಥರದ 6 ಗ್ಯಾಲನ್ ಟ್ಯಾಂಕಿನ ಹೀಟರ್‌ಗಳು ಗಂಟೆಗೆ ಸುಮಾರು 8,800ರಿಂದ 12,000 ಬಿಟಿಯು ಎಳೆಯುತ್ತವೆ. ಒಂದು ಟ್ಯಾಂಕಿನ ಜಾಗಕ್ಕೆ ಇನ್ನೊಂದು ಟ್ಯಾಂಕು ಹಾಕಿದರೆ ಹಳೇ ಪೈಪೇ ಸಾಕು. ಟ್ಯಾಂಕಿಲ್ಲದ ಹೀಟರ್ ಹಾಕುತ್ತೀರಾದರೆ ಲೆಕ್ಕ ಬೇರೆ. ಅವು 42,000, ಕೆಲವು 60,000 ಬಿಟಿಯು ಬೇಡುತ್ತವೆ. ಉದ್ದದ 3/8 ಇಂಚಿನ ಪೈಪಿನಲ್ಲಿ ಅಷ್ಟು ಗ್ಯಾಸ್ ಹೋಗುವಾಗ ಒತ್ತಡ ಬೀಳುತ್ತದೆ. ಹೀಟರ್ ಉರಿದು ಉರಿದು ಆರುತ್ತದೆ, ಅಥವಾ ಪಕ್ಕದ ಒಲೆಯ ಉರಿ ಕುಗ್ಗುತ್ತದೆ. ತಯಾರಕರ ಪುಸ್ತಕದಲ್ಲಿ ಪೈಪಿನ ಗಾತ್ರ, ಉದ್ದದ ಕೋಷ್ಟಕ ಇರುತ್ತದೆ. ರೆಗ್ಯುಲೇಟರ್ ಎಷ್ಟು ಬಿಟಿಯು ಕೊಡಬಲ್ಲದು ಅಂತಲೂ ಅದರ ಮೇಲೇ ಬರೆದಿರುತ್ತದೆ. ಈ ಎರಡನ್ನೂ ನೋಡಿದ ಮೇಲೆ ಹಣ ಕೊಡಿ.

ಸಲಕರಣೆ ಜಾಸ್ತಿ ಬೇಕಿಲ್ಲ. ಎರಡು ಸ್ಪ್ಯಾನರ್, ಪೈಪ್ ಕಟ್ಟರ್, 45 ಡಿಗ್ರಿಯ ಫ್ಲೇರಿಂಗ್ ಟೂಲ್, ಗ್ಯಾಸ್‌ಗೆ ಹೇಳಿದ ಹಳದಿ ಟೆಫ್ಲಾನ್ ಟೇಪು ಅಥವಾ ಪೇಸ್ಟು, ಸೋರಿಕೆ ಹಿಡಿಯುವ ದ್ರಾವಣ, ಚಿಕ್ಕ ಕನ್ನಡಿ, ಟಾರ್ಚು. 3/8 ಫ್ಲೇರ್ ನಟ್ಟಿಗೆ ಬಹುತೇಕ 3/4 ಇಂಚಿನ ಸ್ಪ್ಯಾನರ್ ಹಿಡಿಯುತ್ತದೆ. ಇದರ ಜೊತೆ ಒಂದು ಮ್ಯಾನೋಮೀಟರ್ (ಗ್ಯಾಸಿನ ಒತ್ತಡ ಅಳೆಯುವ ಸಾಧನ) ಇದ್ದರೆ ಬಹಳ ಒಳ್ಳೆಯದು. ಗ್ಯಾಸ್ ಕೆಲಸ ಸ್ವಂತವಾಗಿ ಮಾಡುವವರು ಇದಕ್ಕೆ ಖರ್ಚು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಪರೀಕ್ಷೆಯ ಜಾಗದಲ್ಲಿ ಹೇಳುತ್ತೇನೆ.

ಗ್ಯಾಸ್ ನಿಲ್ಲಿಸಿ ಹಳೇದನ್ನು ಬಿಚ್ಚುವುದು

ಹೀಟರ್‌ನ ಗ್ಯಾಸ್ ಸ್ವಿಚ್ಚು, ಕರೆಂಟ್ ಸ್ವಿಚ್ಚು ಎರಡೂ ಆಫ್ ಮಾಡಿ. ಹೊರಗಿನ ಕರೆಂಟ್ ಕೇಬಲ್ ತೆಗೆಯಿರಿ. ನೀರು ಪೂರ್ತಿ ತಣ್ಣಗಾಗಲು ಬಿಡಿ. ಪಂಪ್ ನಿಲ್ಲಿಸಿ, ಹೊರಗಿನ ನೀರು ನಿಲ್ಲಿಸಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ. ಆಮೇಲೆ ಟ್ಯಾಂಕಿನ ಕೆಳಗಿನ ಪ್ಲಗ್ಗು ಅಥವಾ ಆನೋಡ್ ರಾಡು (ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಲೋಹದ ಸರಳು) ಬಿಚ್ಚಿ ಖಾಲಿ ಮಾಡಿ. ಒತ್ತಡ ಇಳಿಸದೆ ಪ್ಲಗ್ಗು ಬಿಚ್ಚಿದರೆ ಬಿಸಿನೀರು ಮುಖಕ್ಕೇ ಹಾರುತ್ತದೆ.

ಈಗ ಗ್ಯಾಸ್. ಮೊದಲು ಫರ್ನೇಸು, ಫ್ರಿಜ್ಜು ಆಫ್ ಮಾಡಿ. ಒಲೆಯ ಒಂದು ಬರ್ನರ್ ಹಚ್ಚಿ. ಅದು ಉರಿಯುತ್ತಿರುವಾಗಲೇ ಸಿಲಿಂಡರ್‌ಗಳ ವಾಲ್ವ್ ಮುಚ್ಚಿ. ಎರಡು ಸಿಲಿಂಡರ್ ಇದ್ದರೆ ಎರಡನ್ನೂ ಮುಚ್ಚಬೇಕು. ತಾನಾಗಿಯೇ ಒಂದರಿಂದ ಇನ್ನೊಂದಕ್ಕೆ ಬದಲಾಗುವ ರೆಗ್ಯುಲೇಟರ್ ಇದ್ದಾಗ ಒಂದನ್ನೇ ಮುಚ್ಚಿದರೆ ಇನ್ನೊಂದರಿಂದ ಗ್ಯಾಸ್ ಬರುತ್ತಲೇ ಇರುತ್ತದೆ. ಪೈಪಿನಲ್ಲಿ ಉಳಿದ ಗ್ಯಾಸ್ ಮುಗಿದು ಒಲೆ ತಾನೇ ಆರುತ್ತದೆ. ಆರಿದ ಮೇಲೆ ಒಲೆಯ ಗುಂಡಿ ಮುಚ್ಚುವುದನ್ನು ಮರೆಯಬೇಡಿ. ಕಿಟಕಿ ಬಾಗಿಲು ತೆರೆದಿಡಿ. ಬೀಡಿ, ಸಿಗರೇಟು, ಜನರೇಟರ್ ಯಾವುದೂ ಹತ್ತಿರ ಬೇಡ.

ಹೊರಗಿನ ಬಾಗಿಲು ತೆಗೆದರೆ ಹಿತ್ತಾಳೆಯ ಗ್ಯಾಸ್ ವಾಲ್ವ್ ಕಾಣುತ್ತದೆ. ಅದಕ್ಕೆ ತಾಮ್ರದ ಪೈಪು ಬಂದು ಸೇರಿರುತ್ತದೆ. ಬಿಚ್ಚುವ ಮುಂಚೆ ಎರಡು ಮೂರು ಕೋನದಿಂದ ಫೋಟೋ ತೆಗೆದುಕೊಳ್ಳಿ. ಬಿಚ್ಚುವಾಗ ಒಂದು ಸ್ಪ್ಯಾನರ್ ನಟ್ಟಿಗೆ, ಇನ್ನೊಂದು ಅದು ಕೂತಿರುವ ಫಿಟ್ಟಿಂಗಿಗೆ. ಒಂದೇ ಸ್ಪ್ಯಾನರ್‌ನಿಂದ ಎಳೆದರೆ ವಾಲ್ವೇ ತಿರುಗುತ್ತದೆ, ಇಲ್ಲವೇ ಪೈಪು ಹುರಿಯಾಗುತ್ತದೆ. ಹುರಿಯಾದ ತಾಮ್ರ ಮತ್ತೆ ಉಪಯೋಗಕ್ಕಿಲ್ಲ.

ನಟ್ಟು ಬಿಟ್ಟ ಮೇಲೆ ಪೈಪನ್ನು ಹೀಟರ್ ಪೆಟ್ಟಿಗೆಯ ತೂತಿನಿಂದ ಹಿಂದಕ್ಕೆ ಜಾರಿಸಬೇಕು. ಅಲ್ಲಿ ರಬ್ಬರ್ ಬಳೆ ಇರುತ್ತದೆ. ಪೈಪು ಬಾಗಿದ್ದರೆ ಎರಡೂ ಕೈಯಿಂದ, ದೊಡ್ಡ ಬಾಗು ಉಳಿಯುವ ಹಾಗೆ ನಿಧಾನವಾಗಿ ನೇರ ಮಾಡಿ. ತಾಮ್ರ ಬಗ್ಗಿಸಿದಷ್ಟೂ ಗಡಸಾಗುತ್ತಾ ಹೋಗುತ್ತದೆ. ಒಂದೇ ಜಾಗದಲ್ಲಿ ಹಿಂದಕ್ಕೆ ಮುಂದಕ್ಕೆ ಬಗ್ಗಿಸಿದರೆ ಬಿರುಕು ಬಿಡುತ್ತದೆ.

ಹೊಸ ಹೀಟರ್ ಅವತ್ತೇ ಹಾಕುವುದಿಲ್ಲವೇ? ಹಾಗಾದರೆ ಪೈಪಿನ ತುದಿಗೆ ಹಿತ್ತಾಳೆಯ ಫ್ಲೇರ್ ಪ್ಲಗ್ಗು ಹಾಕಿ ಬಿಗಿದು, ಸೋಪಿನ ನೀರಿನಿಂದ ನೋಡಿ. ಟೇಪು ಸುತ್ತುವುದು, ಬಟ್ಟೆ ತುರುಕುವುದು ಪ್ಲಗ್ಗಿಗೆ ಬದಲಿಯಲ್ಲ. ಯಾರೋ ಟೀ ಮಾಡಲೆಂದು ಸಿಲಿಂಡರ್ ತೆರೆದರೆ ಆ ತುದಿಯಿಂದ ಗ್ಯಾಸ್ ನೇರವಾಗಿ ಒಳಗೆ ಬರುತ್ತದೆ.

ಹೊಸ ಹೀಟರ್ ಒಣದಾಗಿ ಕೂರಿಸಿ ನೋಡುವುದು

ಅಂಟುಪಟ್ಟಿ ಹಚ್ಚುವ ಮುಂಚೆ ಹೀಟರನ್ನು ಸುಮ್ನೆ ಒಮ್ಮೆ ಜಾಗದಲ್ಲಿ ಕೂರಿಸಿ. ಹೊಸದರ ಗ್ಯಾಸ್ ವಾಲ್ವ್ ಹಳೆಯದರ ಜಾಗದಲ್ಲೇ ಇರುತ್ತದೆ ಅಂತ ಏನಿಲ್ಲ. ಒಂದಿಂಚು ಮೇಲೆ, ಎರಡಿಂಚು ಪಕ್ಕಕ್ಕೆ, ಕೆಲವೊಮ್ಮೆ ಇನ್ನೊಂದು ಬದಿಯಲ್ಲೇ ಇರಬಹುದು. ಪೈಪನ್ನು ತೂತಿನಿಂದ ತೂರಿಸಿ ವಾಲ್ವ್‌ನ ಬಾಯಿಗೆ ಹಿಡಿದು ನೋಡಿ. ಅದು ತಾನಾಗಿ ನೇರವಾಗಿ ಬಂದು ನಿಲ್ಲಬೇಕು. ಬೆರಳಿನಿಂದ ಒತ್ತಿ ಹಿಡಿದರಷ್ಟೇ ನಿಲ್ಲುತ್ತದೆ ಅಂದರೆ ಸರಿಯಿಲ್ಲ.

ಇಲ್ಲಿಯೇ ಬಹಳ ಜನ ಅವಸರ ಮಾಡುತ್ತಾರೆ. ಪೈಪು ಅರ್ಧ ಇಂಚು ಗಿಡ್ಡವಾದರೆ ನಟ್ಟಿನಿಂದಲೇ ಎಳೆದು ಸೇರಿಸುತ್ತಾರೆ. ನಟ್ಟು ಬಿಗಿಯಾಗುತ್ತದೆ, ಆ ದಿನ ಸೋರುವುದೂ ಇಲ್ಲ. ಆದರೆ ಜಾಯಿಂಟಿನ ಮೇಲೆ ಸದಾ ಎಳೆತ ಇರುತ್ತದೆ. ಟ್ರೇಲರ್ ರಸ್ತೆಗಿಳಿದರೆ ಪ್ರತಿ ಗುಂಡಿಗೂ ಆ ಎಳೆತ ಅಲುಗಾಡುತ್ತದೆ. ಫ್ಲೇರ್‌ನ ಕುತ್ತಿಗೆ ಸವೆದು ಸವೆದು ಒಂದು ದಿನ ಬಿರುಕು ಬಿಡುತ್ತದೆ. ಗಿಡ್ಡವಾದರೆ ಹಿಂದಿನ ಜಾಯಿಂಟಿನಿಂದ ಹೊಸ ಪೈಪು ಹಾಕಿ. ಅದಾಗದಿದ್ದರೆ ಫ್ಲೇರ್ ಯೂನಿಯನ್ (ಎರಡು ಪೈಪು ಸೇರಿಸುವ ತುಂಡು) ಹಾಕಿ ಉದ್ದ ಮಾಡಬಹುದು, ಆದರೆ ಆ ಯೂನಿಯನ್ ಕೈಗೆ ಸಿಗುವ, ಕಣ್ಣಿಗೆ ಕಾಣುವ ಜಾಗದಲ್ಲಿರಬೇಕು. ಗೋಡೆಯೊಳಗೆ, ನೆಲದ ಪದರದೊಳಗೆ ಜಾಯಿಂಟು ಮುಚ್ಚಿಡಬೇಡಿ. ಪರೀಕ್ಷೆ ಮಾಡಲಾಗದ ಜಾಯಿಂಟನ್ನು ನಂಬಲು ದಾರಿಯಿಲ್ಲ. ಮನೆ ಒಲೆಯ ರಬ್ಬರ್ ಟ್ಯೂಬು ಹಾಕಿ ಅಂತರ ತುಂಬುವುದಂತೂ ಬೇಡವೇ ಬೇಡ.

ಉದ್ದ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ. ಹೀಟರ್ ಹಿಂದೆ ಒಂದು ಸಡಿಲ ಬಾಗು ಕೊಡಿ. ಅಲುಗಾಟವನ್ನು ಆ ಬಾಗು ತೆಗೆದುಕೊಳ್ಳುತ್ತದೆ. ಪೈಪು ತಗಡಿನ ಅಂಚಿಗೆ ಉಜ್ಜುವ ಕಡೆ ರಬ್ಬರ್ ಹೊದಿಸಿ, ಕ್ಲಾಂಪ್ ಹಾಕಿ.

ಒಪ್ಪುತ್ತದೆ ಅಂತ ಖಾತ್ರಿಯಾದ ಮೇಲೆ ಹೀಟರ್ ಹೊರಗೆ ತೆಗೆದು, ಬ್ಯುಟೈಲ್ ಅಂಟುಪಟ್ಟಿ ಹಚ್ಚಿ, ಪೈಪನ್ನು ತೂತಿನೊಳಗೆ ನಡೆಸಿಕೊಂಡು ಮತ್ತೆ ಕೂರಿಸಿ, ಸ್ಕ್ರೂ ಬಿಗಿಯಿರಿ. ನೀರಿನ ಪೈಪು, ವೈರುಗಳನ್ನು ಪುಸ್ತಕದ ಪ್ರಕಾರ ಸೇರಿಸಿ.

ಫ್ಲೇರ್: ಇಡೀ ಕೆಲಸದ ಜೀವ

ಫ್ಲೇರ್ ಅಂದರೆ ಪೈಪಿನ ತುದಿಯನ್ನು ಆಲಿಕೆಯ ಹಾಗೆ ಅಗಲ ಮಾಡಿರುವುದು. ಆ ಅಗಲ ಬಾಯಿ ಹಿತ್ತಾಳೆ ಫಿಟ್ಟಿಂಗಿನ ಶಂಕುವಿನ ಮೇಲೆ ಕೂರುತ್ತದೆ. ನಟ್ಟು ಹಿಂದಿನಿಂದ ಬಂದು ಎರಡನ್ನೂ ಅಮುಕಿ ಹಿಡಿಯುತ್ತದೆ. ಗ್ಯಾಸ್ ತಡೆಯುವುದು ತಾಮ್ರ ಮತ್ತು ಹಿತ್ತಾಳೆ ಮುಟ್ಟುವ ಆ ಒಂದು ಉಂಗುರ. ನಟ್ಟಿನ ಥ್ರೆಡ್ಡಿಗೆ ಬರೀ ಒತ್ತುವ ಕೆಲಸ. ಅದಕ್ಕೇ ಫ್ಲೇರ್ ನಟ್ಟಿನ ಥ್ರೆಡ್ಡಿಗೆ ಟೇಪು ಸುತ್ತುವುದರಿಂದ ಪ್ರಯೋಜನ ಇಲ್ಲ. ತೊಂದರೆ ಇದೆ. ಟೇಪು ನಟ್ಟು ಪೂರ್ತಿ ಕೂರದಂತೆ ತಡೆಯಬಹುದು. ಅದರ ಚೂರು ಹರಿದು ಶಂಕುವಿನ ಮೇಲೆ ಸಿಕ್ಕಿಕೊಳ್ಳಬಹುದು. ಇನ್ನೂ ಒಳಗೆ ಹೋಗಿ ಬರ್ನರ್‌ನ ಸಣ್ಣ ತೂತು ಮುಚ್ಚಬಹುದು.

ಹಳೇ ಫ್ಲೇರನ್ನೇ ಮತ್ತೆ ಉಪಯೋಗಿಸಬಹುದೇ? ಟಾರ್ಚು ಹಿಡಿದು ನೋಡಿ. ಒಳಮುಖದ ಮೇಲೆ ಸುತ್ತಲೂ ಒಂದೇ ಸಮನಾದ ಹೊಳೆಯುವ ಗೆರೆ ಇರಬೇಕು. ಗೀರು, ಹಳ್ಳ, ಅಂಚಿನಲ್ಲಿ ಸೀಳು, ಒಂದು ಬದಿ ತೆಳ್ಳಗಾಗಿರುವುದು ಇವುಗಳಲ್ಲಿ ಒಂದು ಕಂಡರೂ ಕತ್ತರಿಸಿ ಹೊಸದು ಮಾಡಿ. ಉದ್ದ ಇದ್ದರೆ ನಾನಂತೂ ಹೊಸದನ್ನೇ ಮಾಡಿ ಅಂತ ಹೇಳುತ್ತೇನೆ. ಹಲವು ಸಲ ಬಿಗಿದ ಹಳೇ ತಾಮ್ರ ಗಡಸಾಗಿರುತ್ತದೆ, ಹೊಸ ಶಂಕುವಿಗೆ ಸರಿಯಾಗಿ ಒಗ್ಗುವುದಿಲ್ಲ.

ಹೊಸ ಫ್ಲೇರ್ ಮಾಡುವುದು ಹೀಗೆ. ಪೈಪನ್ನು ಕಟ್ಟರ್‌ನಿಂದ ಕತ್ತರಿಸಿ, ಹ್ಯಾಕ್ಸಾ ಬೇಡ. ಒಂದು ಸುತ್ತು ತಿರುಗಿಸಿ, ಗುಂಡಿಯನ್ನು ಸ್ವಲ್ಪವೇ ಬಿಗಿ ಮಾಡಿ, ಮತ್ತೆ ಒಂದು ಸುತ್ತು. ಅವಸರದಲ್ಲಿ ಬಿಗಿದರೆ ಪೈಪು ಚಪ್ಪಟೆಯಾಗುತ್ತದೆ. ಕತ್ತರಿಸಿದ ಮೇಲೆ ಒಳಅಂಚಿನಲ್ಲಿ ಚೂಪಾದ ಬರ್ ಉಳಿದಿರುತ್ತದೆ. ಪೈಪಿನ ಬಾಯಿ ಕೆಳಕ್ಕೆ ಮಾಡಿ ಅದನ್ನು ಕೆರೆದು ತೆಗೆಯಿರಿ, ಚೂರು ಪೈಪಿನೊಳಗೆ ಬೀಳದೆ ನೆಲಕ್ಕೆ ಬೀಳುತ್ತದೆ. ಹಾಗಂತ ಅಂಚು ತೆಳ್ಳಗಾಗುವಷ್ಟು ಕೆರೆಯಬೇಡಿ.

ಈಗ ನಟ್ಟನ್ನು ಪೈಪಿಗೆ ಹಾಕಿ, ಥ್ರೆಡ್ ಇರುವ ಬದಿ ತುದಿಯ ಕಡೆಗೆ. ಪೈಪು ಹೀಟರ್ ಪೆಟ್ಟಿಗೆಯ ತೂತಿನಿಂದ ಬಂದಿದೆಯೇ ಅಂತಲೂ ಇಲ್ಲೇ ನೋಡಿಬಿಡಿ. ಫ್ಲೇರ್ ಆದ ಮೇಲೆ ನಟ್ಟು ಹಾಕಲು ಬರುವುದಿಲ್ಲ, ಆಗ ಮತ್ತೆ ಕತ್ತರಿಸಬೇಕಾಗುತ್ತದೆ.

ಪೈಪನ್ನು ಟೂಲಿನ 3/8 ತೂತಿನಲ್ಲಿ ಹಿಡಿಸಿ. ತುದಿ ಪಟ್ಟಿಗಿಂತ ಎಷ್ಟು ಮೇಲೆ ಬರಬೇಕು ಅನ್ನುವುದು ಟೂಲಿನಿಂದ ಟೂಲಿಗೆ ಬೇರೆ, ಅದರ ಜೊತೆ ಬಂದ ಚೀಟಿ ನೋಡಿ. ಕಡಿಮೆ ಬಿಟ್ಟರೆ ಫ್ಲೇರ್ ಚಿಕ್ಕದಾಗಿ ನಟ್ಟಿನಿಂದ ಜಾರುತ್ತದೆ. ಜಾಸ್ತಿ ಬಿಟ್ಟರೆ ಅಗಲವಾಗಿ ನಟ್ಟಿನ ಥ್ರೆಡ್ಡಿಗೆ ತಗುಲುತ್ತದೆ, ಅಂಚು ಸೀಳುತ್ತದೆ. ಟೂಲಿನ ಶಂಕುವಿಗೆ ಒಂದು ತೊಟ್ಟು ಎಣ್ಣೆ ಹಚ್ಚಿ ನಿಧಾನವಾಗಿ ತಿರುಗಿಸಿ. ಕೈಗೆ ಗಟ್ಟಿಯಾಗಿ ಹತ್ತಿದ ಕೂಡಲೇ ನಿಲ್ಲಿಸಿ. ಬಲ ಹಾಕಿದರೆ ತಾಮ್ರ ಕಾಗದದಷ್ಟು ತೆಳ್ಳಗಾಗುತ್ತದೆ.

ಬಿಚ್ಚಿ ನೋಡಿ. ಸುತ್ತಲೂ ಅಗಲ ಒಂದೇ ಇರಬೇಕು. ಒಳಮುಖ ನುಣುಪಾಗಿರಬೇಕು. ನಟ್ಟನ್ನು ಮುಂದಕ್ಕೆ ಎಳೆದರೆ ಫ್ಲೇರ್ ಅದರ ಒಳಗಿನ ಇಳಿಜಾರನ್ನು ಹೆಚ್ಚುಕಡಿಮೆ ತುಂಬಿ, ಥ್ರೆಡ್ಡನ್ನು ಮುಟ್ಟದೆ ಕೂರಬೇಕು. ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು ಇದ್ದರೆ ಪೈಪು ಸೊಟ್ಟ ಕತ್ತರಿಸಿದ್ದೀರಿ. ಬೇಸರ ಮಾಡದೆ ಇನ್ನೊಮ್ಮೆ ಕತ್ತರಿಸಿ. ಬೇಡದ ಪೈಪಿನ ತುಂಡಿನ ಮೇಲೆ ಮೊದಲು ನಾಲ್ಕಾರು ಫ್ಲೇರ್ ಮಾಡಿ ಕೈ ಕುದುರಿಸಿಕೊಂಡರೆ ಅಸಲಿ ಪೈಪು ಉಳಿಯುತ್ತದೆ.

ಕೋನದ ಬಗ್ಗೆ ಒಂದು ಎಚ್ಚರಿಕೆ. ಹೈಡ್ರಾಲಿಕ್ ಕೆಲಸದ ಫಿಟ್ಟಿಂಗುಗಳು 37 ಡಿಗ್ರಿಯವು. ಕೆಲವು ಅಳತೆಗಳಲ್ಲಿ ಅವುಗಳ ಥ್ರೆಡ್ಡೂ ಇದರ ಥ್ರೆಡ್ಡೂ ಒಂದೇ ಆಗಿರುವುದರಿಂದ ನಟ್ಟು ಸಲೀಸಾಗಿ ಹತ್ತುತ್ತದೆ. ಆದರೆ ಶಂಕು ಹೊಂದುವುದಿಲ್ಲ. ಪೆಟ್ಟಿಗೆಯಲ್ಲಿ ಬಿದ್ದಿದ್ದ ಯಾವುದೋ ಹಿತ್ತಾಳೆ ತುಂಡನ್ನು ಹಾಕಬೇಡಿ. ಗ್ಯಾಸ್‌ಗೆ ಹೇಳಿದ್ದೇ ಹೊಸದು ತನ್ನಿ.

ಅಡಾಪ್ಟರ್, ಎಲ್ಬೋ ಬೇಕಾದಾಗ

ಹೊಸ ವಾಲ್ವ್‌ನ ಬಾಯಿ ಫ್ಲೇರ್ ಆಗಿದ್ದರೆ ಇದು ನಿಮಗೆ ಬೇಡ. ಕೆಲವದರಲ್ಲಿ ಪೈಪ್ ಥ್ರೆಡ್ ಇರುತ್ತದೆ. ಆಗ ಒಂದು ಬದಿ ಪೈಪ್ ಥ್ರೆಡ್, ಇನ್ನೊಂದು ಬದಿ ಫ್ಲೇರ್ ಇರುವ ಹಿತ್ತಾಳೆ ತುಂಡು ಹಾಕಬೇಕು. ಪೈಪ್ ಥ್ರೆಡ್ ತುದಿಯ ಕಡೆಗೆ ಕಿರಿದಾಗುತ್ತಾ ಹೋಗುತ್ತದೆ. ಅದು ಹಿಡಿಯುವುದು ಥ್ರೆಡ್ಡಿನಲ್ಲೇ, ಹಾಗಾಗಿ ಅಲ್ಲಿ ಮಾತ್ರ ಹಳದಿ ಟೇಪು ಅಥವಾ ಪೇಸ್ಟು ಬೇಕು. ಮೊದಲ ಎರಡು ಸುತ್ತು ಬಿಟ್ಟು ಹಚ್ಚಿ. ಅದೇ ತುಂಡಿನ ಫ್ಲೇರ್ ಬದಿ ಒಣಗಿ ಸ್ವಚ್ಛವಾಗಿರಲಿ.

ಇದನ್ನು ಬಿಗಿಯುವಾಗ ವಾಲ್ವ್‌ನ ದೇಹವನ್ನು ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿದುಕೊಳ್ಳಿ. ಎಲ್ಬೋ ಆದರೆ ಅದರ ಬಾಯಿ ಪೈಪು ಬರುವ ದಿಕ್ಕಿಗೆ ನಿಲ್ಲಬೇಕು. ಸ್ವಲ್ಪ ಮುಂದೆ ಹೋಯಿತು ಅಂತ ಹಿಂದಕ್ಕೆ ತಿರುಗಿಸಬೇಡಿ. ಹಿಂದಕ್ಕೆ ತಿರುಗಿಸಿದ ಪೈಪ್ ಥ್ರೆಡ್ ಸೋರುತ್ತದೆ. ಪೂರ್ತಿ ಬಿಚ್ಚಿ, ಒರೆಸಿ, ಮತ್ತೆ ಹಚ್ಚಿ ಹಾಕಿ.

ನಟ್ಟು ಬಿಗಿಯುವುದು

ಫ್ಲೇರನ್ನೂ ಶಂಕುವನ್ನೂ ಒಣಬಟ್ಟೆಯಿಂದ ಒರೆಸಿ. ಪೈಪನ್ನು ನೇರ ಹಿಡಿದು ನಟ್ಟನ್ನು ಬೆರಳಿನಿಂದ ತಿರುಗಿಸಿ. ಅದು ಕೊನೆಯವರೆಗೂ ಬೆರಳಿನಿಂದಲೇ ಸಲೀಸಾಗಿ ಹೋಗಬೇಕು. ಎರಡೇ ಸುತ್ತಿಗೆ ಬಿಗಿಯಾದರೆ ಥ್ರೆಡ್ ಅಡ್ಡ ಹತ್ತಿದೆ, ಬಿಚ್ಚಿ ಮತ್ತೆ ಶುರು ಮಾಡಿ. ಬೆರಳಿಗೆ ನಿಂತ ಮೇಲೆ ಎರಡು ಸ್ಪ್ಯಾನರ್ ಹಾಕಿ. ಲೋಹಕ್ಕೆ ಲೋಹ ತಗುಲಿ ಗಟ್ಟಿಯಾಗಿದ್ದು ಕೈಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಸುಮಾರು ಆರನೇ ಒಂದು ಸುತ್ತು, ಅಂದರೆ ನಟ್ಟಿನ ಒಂದು ಮುಖದಷ್ಟು, ಸಾಕು. ತಯಾರಕರು ಟಾರ್ಕ್ ಎಷ್ಟು ಅಂತ ಕೊಟ್ಟಿದ್ದರೆ ಅದೇ ಸರಿ. ಉದ್ದದ ಸ್ಪ್ಯಾನರ್ ಹಿಡಿದು ಮೈ ಬಲ ಹಾಕಿದರೆ ಫ್ಲೇರ್ ನಜ್ಜುಗುಜ್ಜಾಗುತ್ತದೆ.

ಪೈಪು ಪೆಟ್ಟಿಗೆಯೊಳಗೆ ಬರುವ ತೂತಿನ ರಬ್ಬರ್ ಬಳೆ ಸರಿಯಾಗಿ ಕೂತಿದೆಯೇ ನೋಡಿ. ಹರಿದಿದ್ದರೆ ಹೊಸದು ಹಾಕಿ. ಅದು ಬರೀ ಉಜ್ಜುವುದನ್ನು ತಡೆಯಲು ಇರುವುದಲ್ಲ. ಬರ್ನರ್‌ನ ಹೊಗೆ ಆ ತೂತಿನಿಂದ ಮಲಗುವ ಜಾಗಕ್ಕೆ ಬರದಂತೆ ಮುಚ್ಚುವುದು ಅದೇ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ವಾಸನೆಯೂ ಇಲ್ಲ.

ಸೋರಿಕೆ ಪರೀಕ್ಷೆ

ಮೂಗನ್ನು ನಂಬಿ ಕೂರಬೇಡಿ. ಗ್ಯಾಸ್‌ಗೆ ವಾಸನೆ ಬೆರೆಸಿರುತ್ತಾರೆ ನಿಜ, ಆದರೆ ಸ್ವಲ್ಪ ಹೊತ್ತಿನಲ್ಲಿ ಮೂಗು ಅದಕ್ಕೆ ಒಗ್ಗಿಕೊಳ್ಳುತ್ತದೆ. ಬೆಂಕಿಕಡ್ಡಿ ಗೀರಿ ನೋಡುವ ಹಳೇ ಅಭ್ಯಾಸವಂತೂ ಜೀವಕ್ಕೇ ಸಂಚಕಾರ.

ಎಲ್ಲ ಉಪಕರಣಗಳೂ ಆಫ್ ಇರಲಿ. ಸಿಲಿಂಡರ್ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಸರ್ರನೆ ತೆರೆದರೆ ಒಳಗಿರುವ ಸುರಕ್ಷತಾ ತಡೆ ಬಿದ್ದು ಗ್ಯಾಸ್ ಬಹಳ ಕಡಿಮೆ ಬರುತ್ತದೆ. ಹೀಟರ್ ಹತ್ತದೇ ಇರಲು ಇದೂ ಒಂದು ಕಾರಣ. ಹಾಗಾದರೆ ಮುಚ್ಚಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಮೆಲ್ಲಗೆ ತೆರೆಯಿರಿ.

ಸೋರಿಕೆ ಹಿಡಿಯುವ ದ್ರಾವಣವನ್ನು ನಟ್ಟಿನ ಎರಡೂ ಬದಿಗೆ, ಅಡಾಪ್ಟರ್ ಇದ್ದರೆ ಅದಕ್ಕೆ, ನೀವು ಮುಟ್ಟಿದ, ಅಲುಗಾಡಿಸಿದ ಪ್ರತಿ ಜಾಯಿಂಟಿಗೆ ಹಚ್ಚಿ. ಮನೆಯಲ್ಲಿ ಸೋಪಿನ ನೀರು ಮಾಡಿಕೊಳ್ಳುವುದಾದರೆ ಅಮೋನಿಯಾ, ಕ್ಲೋರಿನ್ ಇಲ್ಲದ ಸೋಪು ಇರಲಿ. ಅವು ತಾಮ್ರ, ಹಿತ್ತಾಳೆಯನ್ನು ತಿನ್ನುತ್ತವೆ. ದೊಡ್ಡ ಸೋರಿಕೆಯಾದರೆ ಗುಳ್ಳೆ ಉಬ್ಬುತ್ತದೆ. ಸಣ್ಣದು ಹಾಗಲ್ಲ. ನಟ್ಟಿನ ಅಂಚಿನಲ್ಲಿ ಬಿಳೀ ನೊರೆಯ ಸಣ್ಣ ಮಣಿಗಳು ಮೆಲ್ಲಗೆ ಮೂಡುತ್ತವೆ. ಹಚ್ಚಿದ ತಕ್ಷಣ ನೋಡಿ ಹೊರಟು ಹೋಗಬೇಡಿ, ಕೆಲವು ನಿಮಿಷ ಕಾಯಿರಿ. ನಟ್ಟಿನ ಹಿಂಬದಿ ಕಾಣುವುದಿಲ್ಲ ಅಲ್ವಾ, ಕನ್ನಡಿ ಅದಕ್ಕೇ.

ಗುಳ್ಳೆ ಬಂದರೆ ಸಿಲಿಂಡರ್ ಮುಚ್ಚಿ. ಆಮೇಲೆ ಕೊಂಚ ಬಿಗಿದು ನೋಡಬಹುದು, ಒಂದೇ ಸಲ. ಆಗಲೂ ನಿಲ್ಲದಿದ್ದರೆ ಇನ್ನೂ ಬಿಗಿಯುವುದರಲ್ಲಿ ಅರ್ಥವಿಲ್ಲ. ಬಿಚ್ಚಿ ಫ್ಲೇರಿನ ಮುಖ ನೋಡಿ. ಗೀರೋ, ಕಸದ ಕಣವೋ, ಸೊಟ್ಟ ಅಂಚೋ ಅಲ್ಲೇ ಸಿಗುತ್ತದೆ. ಪರೀಕ್ಷೆ ಮುಗಿದ ಮೇಲೆ ದ್ರಾವಣ ಒರೆಸಿಬಿಡಿ.

ಇನ್ನು ಮ್ಯಾನೋಮೀಟರ್. ಸೋಪಿನ ನೀರು ನೀವು ಹಚ್ಚಿದ ಜಾಯಿಂಟಿನ ಬಗ್ಗೆ ಮಾತ್ರ ಹೇಳುತ್ತದೆ. ಮ್ಯಾನೋಮೀಟರ್ ಇಡೀ ಲೈನಿನ ಬಗ್ಗೆ ಹೇಳುತ್ತದೆ. ಹೀಟರ್ ಎಳೆಯುವಾಗ ಚಾಸಿಯ ಕೆಳಗಿನ ಯಾವುದೋ ಹಳೇ ಜಾಯಿಂಟು ಸಡಿಲವಾಗಿದ್ದರೆ ಅದು ಇಲ್ಲೇ ಬಯಲಾಗುತ್ತದೆ. ಒಲೆಯ ಬರ್ನರ್‌ಗೋ ವಾಲ್ವ್‌ನ ಪರೀಕ್ಷಾ ಬಾಯಿಗೋ ಅದನ್ನು ಸೇರಿಸಿ. ಸಿಲಿಂಡರ್ ತೆರೆದು ಒತ್ತಡ ತುಂಬಿ, ಮತ್ತೆ ಮುಚ್ಚಿ. ಬೇರೊಂದು ಬರ್ನರ್‌ನಿಂದ ಸ್ವಲ್ಪ ಗ್ಯಾಸ್ ಬಿಟ್ಟು ಒತ್ತಡವನ್ನು ನೀರಿನ ಕಂಬದ 8 ಇಂಚಿಗೆ (ಗ್ಯಾಸಿನ ಸಣ್ಣ ಒತ್ತಡವನ್ನು ಅಳೆಯುವುದು ಈ ಲೆಕ್ಕದಲ್ಲಿ) ಇಳಿಸಿ, ಬರ್ನರ್ ಮುಚ್ಚಿ, 5 ನಿಮಿಷ ನೋಡಿ. ಮುಳ್ಳು ಕದಲಬಾರದು. ಇಳಿಸುವುದು ಯಾಕೆಂದರೆ, ರೆಗ್ಯುಲೇಟರ್‌ಗಿಂತ ಮೇಲಿನ ಮೆದುಗೊಳವೆಯಲ್ಲಿ ಉಳಿದ ಹೆಚ್ಚಿನ ಒತ್ತಡದ ಗ್ಯಾಸ್ ಸೋರಿದ್ದನ್ನು ತುಂಬುತ್ತಾ ಸೋರಿಕೆಯನ್ನು ಮುಚ್ಚಿಡಬಹುದು. ಟ್ರೇಲರ್ ಮೇಲೆ ಬಿಸಿಲು ಬಂದು ಹೋಗುತ್ತಿದ್ದರೂ ಅಳತೆ ತಪ್ಪುತ್ತದೆ, ನೆರಳಲ್ಲಿ ಮಾಡಿ.

ಒತ್ತಡ ಸರಿಯಾಗಿದೆಯೇ ಅಂತ ನೋಡುವುದೂ ಇದರಲ್ಲೇ. ಅರ್ಧದಷ್ಟು ಉಪಕರಣ ಉರಿಯುತ್ತಿರುವಾಗ 11 ಇಂಚು ತೋರಿಸಬೇಕು, ಅಂದರೆ ಸುಮಾರು 27 ಮಿಲಿಬಾರ್. ಎಲ್ಲ ಆಫ್ ಇದ್ದಾಗ 14 ಇಂಚು ದಾಟಬಾರದು. ದಾಟಿದರೆ ರೆಗ್ಯುಲೇಟರ್ ಬದಲಿಸಬೇಕು.

ಕಂಪ್ರೆಸರ್‌ನಿಂದ ಗಾಳಿ ತುಂಬಿ ಪರೀಕ್ಷೆ ಮಾಡುವವರಿದ್ದಾರೆ. 0.5 ಪಿಎಸ್‌ಐಗಿಂತ ಜಾಸ್ತಿ ಒತ್ತಡ ಕೊಡುವುದಾದರೆ ಹೀಟರನ್ನು ಲೈನಿನಿಂದ ಬಿಡಿಸಿ ತುದಿಗೆ ಪ್ಲಗ್ಗು ಹಾಕಲೇಬೇಕು. ಇಲ್ಲದಿದ್ದರೆ ಹೊಸ ವಾಲ್ವ್ ಒಳಗಿಂದ ಹಾಳಾಗುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮೊದಲು ನೀರು, ಆಮೇಲೆ ಉರಿ

ಹೀಟರ್ ಹಿಂದಿನ ಬೈಪಾಸ್ ವಾಲ್ವ್‌ಗಳು (ನೀರನ್ನು ಟ್ಯಾಂಕಿಗೆ ಬಿಡದೆ ಬೇರೆ ದಾರಿಗೆ ತಿರುಗಿಸುವಂಥವು) ಮಾಮೂಲಿ ಸ್ಥಿತಿಯಲ್ಲಿವೆಯೇ ನೋಡಿ. ಬಿಸಿನೀರಿನ ನಲ್ಲಿ ತೆರೆದು ಪಂಪ್ ಹಾಕಿ. ಗಾಳಿ ಪೂರ್ತಿ ಹೋಗಿ ನೀರು ಒಂದೇ ಧಾರೆಯಾಗಿ ಬಂದ ಮೇಲೆ ಟ್ಯಾಂಕು ತುಂಬಿದೆ ಅಂತ ಲೆಕ್ಕ. ಖಾಲಿ ಟ್ಯಾಂಕಿಗೆ ಉರಿ ಹಚ್ಚಬೇಡಿ. ಕರೆಂಟಿನ ಕಾಯಿಲ್ ಇದ್ದರೆ ನೀರಿಲ್ಲದೆ ಅದು ಕೆಲವೇ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಮೊದಲು ಒಲೆ ಹಚ್ಚಿ, ಉರಿ ಒಂದೇ ಸಮ ಆಗುವವರೆಗೆ ಬಿಡಿ. ಆಮೇಲೆ ಹೀಟರ್ ಸ್ವಿಚ್ ಹಾಕಿ. ಕಿಡಿ ಟಕಟಕ ಅನ್ನುತ್ತದೆ, ವಾಲ್ವ್ ತೆರೆಯುತ್ತದೆ. ಹೀಟರ್‌ನ ಕವಲಿನಲ್ಲಿ ಇನ್ನೂ ಗಾಳಿ ಇದ್ದರೆ ಮೊದಲ ಸಲ ಹತ್ತದೆ ಕೆಂಪು ದೀಪ ಬರಬಹುದು. ಸ್ವಿಚ್ ಆಫ್ ಮಾಡಿ, 5 ನಿಮಿಷ ಕಾದು, ಉಳಿದ ಗ್ಯಾಸ್ ಚದುರಿದ ಮೇಲೆ ಮತ್ತೆ ಹಾಕಿ. ಹಚ್ಚುವಾಗ ಬರ್ನರ್ ಮುಂದೆ ಮುಖ ಒಡ್ಡಿ ಬಗ್ಗಿ ನೋಡಬೇಡಿ.

ಉರಿ ಹತ್ತಿದ ಮೇಲೆ ಒಂದು ಕೆಲಸ ಬಾಕಿ ಇದೆ, ಇದನ್ನು ಬಹಳ ಜನ ಬಿಡುತ್ತಾರೆ. ವಾಲ್ವ್‌ನಿಂದ ಬರ್ನರ್‌ಗೆ ಹೋಗುವ ಸಣ್ಣ ಪೈಪಿನಲ್ಲಿ ಗ್ಯಾಸ್ ಬರುವುದು ಹೀಟರ್ ಉರಿಯುವಾಗ ಮಾತ್ರ. ಇಷ್ಟು ಹೊತ್ತು ಮಾಡಿದ ಪರೀಕ್ಷೆ ಆ ಜಾಯಿಂಟನ್ನು ಮುಟ್ಟೇ ಇಲ್ಲ. ಉರಿಯುತ್ತಿರುವಾಗ ವಾಲ್ವ್‌ನ ಹೊರಬಾಯಿಗೆ ಬ್ರಷ್ಷಿನಿಂದ ದ್ರಾವಣ ಹಚ್ಚಿ ನೋಡಿ, ಬರ್ನರ್‌ಗೂ ವೈರಿಗೂ ತಾಗದ ಹಾಗೆ.

ಉರಿ ನೀಲಿಯಾಗಿ, ಭುಸ್ಸೆನ್ನುವ ಸದ್ದಿನೊಂದಿಗೆ ನೇರವಾಗಿ ಕೊಳವೆಯೊಳಗೆ ಹೋಗಬೇಕು. ಹಳದಿಯಾಗಿ ಸೋಮಾರಿಯಂತೆ ಓಲಾಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಗಾಳಿಯ ಕಿಂಡಿ ಸರಿಮಾಡಿ. ಬರ್ನರ್ ಕೊಳವೆ ಮತ್ತು ಗ್ಯಾಸ್ ಬರುವ ತೂತು ಒಂದೇ ನೇರದಲ್ಲಿವೆಯೇ ನೋಡಿ. ತುಂಬಾ ದಿನ ನಿಂತ ಟ್ರೇಲರ್‌ನಲ್ಲಿ ಜೇಡ ಬಲೆ ಕಟ್ಟುವುದೂ ಆ ಕೊಳವೆಯಲ್ಲೇ. ಬಾಗಿಲ ಮೇಲೆ ಮಸಿ ಹಿಡಿಯುತ್ತಿದ್ದರೆ ಹೀಟರ್ ಉಪಯೋಗಿಸುವುದನ್ನು ನಿಲ್ಲಿಸಿ, ಕಾರಣ ಹುಡುಕಿ.

ರಸ್ತೆಗಿಳಿದ ಮೇಲೆ

ನೆಲದ ಹತ್ತಿರ ಇರುವ ಗ್ಯಾಸ್ ಡಿಟೆಕ್ಟರ್ ಕೆಲಸ ಮಾಡುತ್ತಿದೆಯೇ ಅದರ ಗುಂಡಿ ಒತ್ತಿ ನೋಡಿ. ಅದರ ಹಿಂದೆ ತಾರೀಖು ಇರುತ್ತದೆ. ಇವುಗಳ ಆಯುಸ್ಸು ಸಾಮಾನ್ಯವಾಗಿ 5ರಿಂದ 7 ವರ್ಷ. ಅವಧಿ ಮುಗಿದದ್ದು ದೀಪ ಹೊತ್ತಿಕೊಂಡಿದ್ದರೂ ಗ್ಯಾಸ್ ಹಿಡಿಯದೇ ಇರಬಹುದು. ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರ್‌ಗೂ ಇದೇ ಮಾತು.

ಬಿಗಿದ ನಟ್ಟಿನಿಂದ ಫಿಟ್ಟಿಂಗಿನವರೆಗೆ ಬಣ್ಣದ ಪೆನ್ನಿನಲ್ಲಿ ಒಂದು ನೇರ ಗೆರೆ ಎಳೆದಿಡಿ. ಮೊದಲ ಪ್ರಯಾಣ ಮುಗಿದು ನಿಂತಾಗ ಹೊರಬಾಗಿಲು ತೆಗೆದು ನೋಡಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ಮುರಿಯದಿದ್ದರೂ ಸೋಪಿನ ನೀರು ಇನ್ನೊಮ್ಮೆ ಹಚ್ಚಿ. ಪ್ರಯಾಣದಲ್ಲಿ ಸಿಲಿಂಡರ್ ವಾಲ್ವ್ ಮುಚ್ಚಿರಲಿ. ಒಳಗೆ ಎಂದಾದರೂ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಯಾವುದನ್ನೂ ಮುಟ್ಟದೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ಹೊರಗಿನಿಂದ ಸಿಲಿಂಡರ್ ಮುಚ್ಚಿ, ಬಾಗಿಲು ತೆರೆದೇ ಬಿಡಿ. ಫೋನ್ ಮಾಡುವುದಿದ್ದರೆ ಟ್ರೇಲರ್‌ನಿಂದ ದೂರ ಹೋಗಿ ಮಾಡಿ. ಸೋರಿಕೆ ಎಲ್ಲಿ ಅಂತ ಗೊತ್ತಾಗಿ, ಸರಿಯಾಗಿ, ಮತ್ತೆ ಪರೀಕ್ಷೆ ಆಗುವವರೆಗೆ ಸಿಲಿಂಡರ್ ತೆರೆಯಬೇಡಿ.